ತಂಗಡಗಿಯ ಬಾವಿ, ಫ್ಲಾರೆನ್ಸಿನ ಪಂಪು

ಕಳೆದ ಬೇಸಿಗೆಯಲ್ಲಿ ತಂಗಡಗಿಯ ಸೋದರತ್ತೆಯ ಮನೆಯಿಂದ ಮೇಲಿಂದ ಮೇಲೆ ಫೋನು ಬರುತ್ತಿತ್ತು. ವಿಷಯ ಒಂದೇ: "ಮೋಟಾರ ಮತ್ತ ನಿಂತೈತಿ, ತಮ್ಮಾ." ಹಿತ್ತಿಲ ಬಾವಿಗೆ ಕೂರಿಸಿದ 1 ಎಚ್‌ಪಿ ಪಂಪು ಬೆಳಿಗ್ಗೆ ಸರಿಯಾಗಿಯೇ ಶುರುವಾಗುತ್ತಿತ್ತು. 14-15 ನಿಮಿಷ ನೀರು ಏರಿಸಿ ತಾನಾಗಿಯೇ ನಿಲ್ಲುತ್ತಿತ್ತು. ಅರ್ಧ ಗಂಟೆ ಬಿಟ್ಟು ತಾನೇ ಹೊರಡುತ್ತಿತ್ತು, ಎರಡು ನಿಮಿಷಕ್ಕೆ ಮತ್ತೆ ನಿಲ್ಲುತ್ತಿತ್ತು. ಮಾಳಿಗೆಯ ಮೇಲಿನ 2000 ಲೀಟರ್ ಟಾಂಕಿ ತುಂಬುತ್ತಲೇ ಇರಲಿಲ್ಲ. ಮನೆಯಲ್ಲಿ ಏಳು ಮಂದಿ, ಎರಡು ಎಮ್ಮೆ, ಒಂದು ಆಕಳು. ಅತ್ತೆಗೆ ಅರವತ್ತೈದು ದಾಟಿದೆ, ಮೊಣಕಾಲು ನೋವು. ಗಡಗಡಿಗೆ ಹಗ್ಗ ಹಾಕಿ ಸೇದುವ ಕಾಲ ಮುಗಿಯಿತೆಂದು ನಂಬಿದ್ದವಳು ಮತ್ತೆ ಹಗ್ಗ ಹುಡುಕುವಂತಾಗಿತ್ತು.

ಪಂಪು ರಿಪೇರಿಯ ಬಗ್ಗೆ ನನಗೇನೂ ಗೊತ್ತಿಲ್ಲ. ನಾನು ಪಿಎಚ್‌ಡಿ ಮಾಡುತ್ತಿರುವುದು ಆದಿಲ್‌ಶಾಹಿ ಕಾಲದ ವಿಜಯಪುರದ ನೀರಿನ ವ್ಯವಸ್ಥೆಯ ಮೇಲೆ. "ನೀರಿನ ಮ್ಯಾಲೆ ಓದಾಕತ್ತಿ ಅಂತೀದಿ, ಬಂದು ನೋಡರೆ ನೋಡು" ಎಂದಳು ಅತ್ತೆ. ಹೋದೆ. ಹೋದದ್ದರಿಂದ ಪಂಪಿಗೆ ಏನೂ ಉಪಯೋಗವಾಗಲಿಲ್ಲ. ನನ್ನ ಓದಿಗೆ ಆಯಿತು.

ತಂಗಡಗಿಯ ಹೆಸರು ಇತಿಹಾಸ ಓದಿದವರಿಗೆ ಹೊಸದಲ್ಲ. 1565ರ ಜನವರಿ 23ರಂದು ವಿಜಯನಗರದ ಸೈನ್ಯಕ್ಕೂ ದಖ್ಖನಿನ ಸುಲ್ತಾನರ ಕೂಟಕ್ಕೂ ನಡೆದ ಯುದ್ಧವನ್ನು ಶಾಲೆಯ ಪುಸ್ತಕ ತಾಳಿಕೋಟೆ ಯುದ್ಧ ಎನ್ನುತ್ತದೆ. ಅದರ ಇನ್ನೊಂದು ಹೆಸರು ರಕ್ಕಸಗಿ-ತಂಗಡಗಿ ಯುದ್ಧ. ಎರಡೂ ಕೃಷ್ಣೆಯ ದಂಡೆಯ ಹಳ್ಳಿಗಳು. ಈ ಊರಿಗೆ ಅದಕ್ಕಿಂತ ಹಳೆಯ ನೆನಪೂ ಉಂಟು. ಬಸವಣ್ಣನವರ ಹೆಂಡತಿ ನೀಲಮ್ಮ ಕಲ್ಯಾಣದಿಂದ ಕೂಡಲಸಂಗಮಕ್ಕೆ ಹೊರಟವರು, ಬಸವಣ್ಣ ಲಿಂಗೈಕ್ಯರಾದ ಸುದ್ದಿ ತಿಳಿದು ಹೊಳೆಯ ಈಚೆ ದಂಡೆಯ ತಂಗಡಗಿಯಲ್ಲೇ ಐಕ್ಯರಾದರೆಂಬುದು ಶರಣ ಪರಂಪರೆಯ ನಂಬಿಕೆ. ಅವರನ್ನು ಕರೆತರಲು ಹೋಗಿದ್ದವರು ಹಡಪದ ಅಪ್ಪಣ್ಣ. ಊರಿನ ಎರಡು ದೊಡ್ಡ ಕಥೆಗಳಲ್ಲೂ ನಡುವೆ ಹೊಳೆ ಇದೆ, ದಾಟುವ ಪ್ರಶ್ನೆ ಇದೆ.

ಯುದ್ಧದ ಕಥೆಯಲ್ಲಂತೂ ನೀರಿನ ಆಳವೇ ಮುಖ್ಯ ಪಾತ್ರ. ಫಿರಿಶ್ತಾ ಬರೆಯುವಂತೆ, ಕೃಷ್ಣೆಯನ್ನು ಕಾಲ್ನಡಿಗೆಯಲ್ಲಿ ದಾಟಬಹುದಾದ ಕಡೆಯಲ್ಲೆಲ್ಲ ವಿಜಯನಗರದವರು ಕಾವಲು ಕೂತಿದ್ದರು. ಸುಲ್ತಾನರ ಸೈನ್ಯ ಬೇರೆ ದಾರಿ ಹುಡುಕುವವರಂತೆ ದಂಡೆಗುಂಟ ಮೂರು ದಿನ ನಡೆಯಿತು. ಆಚೆ ದಂಡೆಯ ಸೈನ್ಯವೂ ಕಾವಲು ಬಿಟ್ಟು ಜೊತೆಜೊತೆಗೇ ಸರಿಯಿತು. ಆಗ ಇವರು ಗಕ್ಕನೆ ಹಿಂದಕ್ಕೆ ತಿರುಗಿ ಮೊದಲಿನ ಜಾಗದಲ್ಲೇ ಹೊಳೆ ದಾಟಿದರು. ಎಲ್ಲಿ ನೀರು ಎಷ್ಟಿದೆ ಎಂಬ ತಿಳಿವಳಿಕೆ ಅವತ್ತು ಕತ್ತಿಯಷ್ಟೇ ಕೆಲಸ ಮಾಡಿತು.

ಅತ್ತೆಯ ಮನೆಗೆ ಹೋದಾಗ ನನ್ನ ತಲೆಯಲ್ಲಿ ಇದ್ಯಾವುದೂ ಇರಲಿಲ್ಲ. ಕಂಡದ್ದು ಇಷ್ಟು: 4 ಅಡಿ ಅಗಲದ, ಸುಮಾರು 40 ಅಡಿ ಆಳದ ಕಲ್ಲುಕಟ್ಟಿದ ಬಾವಿ. ದಂಡೆಯ ಮೇಲೆ ಸಿಮೆಂಟಿನ ಕಟ್ಟೆ, ಅದರ ಮೇಲೆ ಮೋಟಾರು. ಅಲ್ಲಿಂದ ಬಾವಿಯೊಳಕ್ಕೆ ಇಳಿದ ಪೈಪು, ಅದರ ತುದಿಗೆ ಫುಟ್‌ವಾಲ್ವು. ಗೋಡೆಗೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ಅದು ಹಿಂದಿನ ವರ್ಷ ಹೊಸ ಮೋಟಾರಿನ ಜೊತೆ ಬಂದ ಪ್ಯಾನೆಲ್ಲು. ಮೋಟಾರು ನಿಂತಾಗಲೆಲ್ಲ ಅದರಲ್ಲೊಂದು ಕೆಂಪು ದೀಪ ಹತ್ತುತ್ತಿತ್ತು. ಆ ದೀಪ ಏನು ಹೇಳುತ್ತದೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೊದಲು ಬಂದ ಮಿಸ್ತ್ರಿ ಕರೆಂಟಿನ ಓಲ್ಟೇಜು ನೋಡಿದ. ಕಂಡೆನ್ಸರು ಬದಲಿಸಿದ. ಅದಕ್ಕೂ ನಿಲ್ಲುವುದು ತಪ್ಪಲಿಲ್ಲ. ಮರುದಿನ ಬಂದು ಪ್ಯಾನೆಲ್ಲೇ ಕೆಟ್ಟಿದೆ ಎಂದು ಅದನ್ನು ತಪ್ಪಿಸಿ ವೈರನ್ನು ಡೈರೆಕ್ಟ್ ಕೊಟ್ಟ. ಮೋಟಾರು ನಿಲ್ಲುವುದು ನಿಂತಿತು. ಎಲ್ಲರಿಗೂ ಸಮಾಧಾನ. ಎರಡು ದಿನಕ್ಕೆ, ಮನೆಯವರೆಲ್ಲ ಒಂದು ಮದುವೆಗೆ ಹೋದಾಗ, ಹಚ್ಚಿಟ್ಟ ಮೋಟಾರು ಒಂದು ತಾಸಿಗಿಂತ ಹೆಚ್ಚು ನೀರಿಲ್ಲದೆ ತಿರುಗಿತು. ಬಂದು ನೋಡಿದರೆ ಸುಟ್ಟ ವಾಸನೆ. ಪಂಪಿನ ಸೀಲು ಹೋಗಿ ನೀರು ಸೋರುತ್ತಿತ್ತು.

ಆಗ ಬಂದವರು ಇನ್ನೊಬ್ಬ ಹಳೆಯ ಮಿಸ್ತ್ರಿ. ಸೀಲು ಹಾಕಿದರು. ಪ್ಯಾನೆಲ್ಲನ್ನು ಮತ್ತೆ ಜೋಡಿಸಿದರು. ಆಮೇಲೆ ಮೋಟಾರಿನ ಕಡೆ ನೋಡದೆ ಅತ್ತೆಯ ಹತ್ತಿರ ಒಂದು ಉದ್ದನೆಯ ಹುರಿ ಕೇಳಿದರು. ತುದಿಗೆ ಕಲ್ಲು ಕಟ್ಟಿ ಬಾವಿಗೆ ಬಿಟ್ಟರು. ನೀರು ಮುಟ್ಟಿದಲ್ಲಿಗೆ ಗುರುತು ಹಿಡಿದು ಎಳೆದು ಅಳೆದರು: 22 ಅಡಿ. ಮೋಟಾರು ಹಚ್ಚಿಸಿದರು. ಕಾಲು ತಾಸಿಗೆ ಅದು ನಿಂತಿತು, ಕೆಂಪು ದೀಪ ಹತ್ತಿತು. ಮತ್ತೆ ಹುರಿ ಬಿಟ್ಟರು: 26 ಅಡಿ.

"ಮೋಟಾರ ಕೆಟ್ಟಿಲ್ರಿ ಅಕ್ಕಾರ. ನೀರ ಕೆಳಗ ಹೋಗೇತಿ. ಇದಕ್ಕ ಅಲ್ಲೀತನಕ ಕೈ ನಿಲಕಂಗಿಲ್ಲ."

ಈ ಮಾತನ್ನು ನಾನು ಮೊದಲೇ ಎಲ್ಲೋ ಕೇಳಿದ್ದೇನೆ ಅನ್ನಿಸಿತು. ಎಲ್ಲಿ ಎಂದು ನೆನಪಾದದ್ದು ರಾತ್ರಿ ಮಾಳಿಗೆಯ ಮೇಲೆ ಮಲಗಿದಾಗ. ಗೆಲಿಲಿಯೋ ಗೃಹಬಂಧನದಲ್ಲಿದ್ದಾಗ ಬರೆದು ಮುಗಿಸಿದ, 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾದ ಎರಡು ಹೊಸ ವಿಜ್ಞಾನಗಳ ಕುರಿತ ಸಂವಾದದಲ್ಲಿ ಒಂದು ಪ್ರಸಂಗವಿದೆ. ಮಾತಾಡುವ ಮೂವರಲ್ಲಿ ಒಬ್ಬ, ಸಾಗ್ರೆಡೋ, ತಾನು ಕಂಡ ಒಂದು ನೀರಿನ ತೊಟ್ಟಿಯ ಪಂಪಿನ ಕಥೆ ಹೇಳುತ್ತಾನೆ. ತೊಟ್ಟಿಯಲ್ಲಿ ನೀರು ಒಂದು ಮಟ್ಟಕ್ಕಿಂತ ಮೇಲಿರುವಾಗ ಪಂಪು ಚೆನ್ನಾಗಿ ನಡೆಯುತ್ತಿತ್ತು, ಆ ಮಟ್ಟದ ಕೆಳಗೆ ಇಳಿದರೆ ನಿಲ್ಲುತ್ತಿತ್ತು. ಯಂತ್ರ ಕೆಟ್ಟಿದೆಯೆಂದು ರಿಪೇರಿಗೆ ಕೆಲಸಗಾರನನ್ನು ಕರೆಸಿದ. ಆತ ನೋಡಿ, ಪಂಪಿನಲ್ಲಿ ದೋಷವಿಲ್ಲ, ನೀರೇ ತೀರ ಕೆಳಗೆ ಹೋಗಿದೆ ಎಂದ. ನೀರನ್ನು ಹೀರಿ ಎತ್ತುವ ಯಾವ ಯಂತ್ರವೂ 18 ಬ್ರಾಚ್ಯೋಗಿಂತ ಕೂದಲೆಳೆಯಷ್ಟೂ ಮೇಲಕ್ಕೆ ಎತ್ತಲಾರದು ಎಂದೂ ಸೇರಿಸಿದ. ಬ್ರಾಚ್ಯೋ ಎಂದರೆ ತೋಳು, ನಮ್ಮ ಮೊಳದ ಹಾಗೆ ಮೈಯಿಂದಲೇ ಹುಟ್ಟಿದ ಅಳತೆ. ಫ್ಲಾರೆನ್ಸಿನ ಅಳತೆಯಲ್ಲಿ 18 ಬ್ರಾಚ್ಯೋ ಎಂದರೆ ಸುಮಾರು 10.5 ಮೀಟರ್.

ಗೆಲಿಲಿಯೋಗೆ ಇದಕ್ಕೆ ಸರಿಯಾದ ಕಾರಣ ಸಿಗಲಿಲ್ಲ. ಉದ್ದದ ಹಗ್ಗ ತನ್ನ ಭಾರಕ್ಕೇ ಹರಿಯುವಂತೆ ನೀರಿನ ಕಂಬವೂ ತನ್ನ ಭಾರಕ್ಕೆ ಹರಿಯುತ್ತದೆ ಎಂದುಕೊಂಡ. ಕೊನೆಯ ದಿನಗಳಲ್ಲಿ ಅವನ ಜೊತೆಗಿದ್ದ ತೊರಿಚೆಲ್ಲಿ 1644ರ ಹೊತ್ತಿಗೆ ಉತ್ತರ ಕಂಡುಕೊಂಡ. ಪಂಪು ನೀರನ್ನು ಎಳೆಯುವುದೇ ಇಲ್ಲ. ಅದು ಪೈಪಿನೊಳಗಿನ ಒತ್ತಡವನ್ನು ತಗ್ಗಿಸುತ್ತದೆ ಅಷ್ಟೆ. ಹೊರಗಿನ ಗಾಳಿಯ ಭಾರ ಬಾವಿಯ ನೀರನ್ನು ಅದುಮಿ ಪೈಪಿನಲ್ಲಿ ಮೇಲೆ ತಳ್ಳುತ್ತದೆ. ಸಮುದ್ರ ಮಟ್ಟದಲ್ಲಿ ಗಾಳಿಗೆ ಹೊರಲಾಗುವುದು 10.3 ಮೀಟರ್ ಎತ್ತರದ ನೀರು. ತಂಗಡಗಿ ಸಮುದ್ರ ಮಟ್ಟದಿಂದ ಸುಮಾರು 500 ಮೀಟರ್ ಮೇಲಿದೆ, ಅಲ್ಲಿ ಇನ್ನೂ ಅರ್ಧ ಮೀಟರಿಗೂ ಹೆಚ್ಚು ಕಡಿಮೆ. ಪೈಪಿನ ತಿಕ್ಕಾಟ, ಫುಟ್‌ವಾಲ್ವಿನ ಅಡ್ಡಿ ಎಲ್ಲ ಕಳೆದರೆ ಉಳಿಯುವುದು 7-8 ಮೀಟರ್. ಅತ್ತೆಯ ಬಾವಿಯಲ್ಲಿ ಮಿಸ್ತ್ರಿ ಅಳೆದ 26 ಅಡಿ ಎಂದರೆ 8 ಮೀಟರಿಗೆ ತುಸು ಕಡಿಮೆ. ಅಲ್ಲಿಗೆ ಪಂಪಿಗೆ ಬರುವ ನೀರು ಕುಂದುತ್ತದೆ, ಹೊರೆ ಇಳಿದ ಮೋಟಾರು ಕಡಿಮೆ ಕರೆಂಟು ಎಳೆಯುತ್ತದೆ. ಅದನ್ನು ಗುರುತಿಸಿ ಪ್ಯಾನೆಲ್ಲು ಮೋಟಾರು ನಿಲ್ಲಿಸುತ್ತದೆ, ಬಾವಿಗೆ ಊಟೆ ಬರಲಿ ಎಂದು ಅರ್ಧ ಗಂಟೆ ಕಾಯುತ್ತದೆ. ಕೆಂಪು ದೀಪ ದಿನವೂ ಹೇಳುತ್ತಿದ್ದದ್ದು ಇದನ್ನೇ.

ವಿಜ್ಞಾನದ ಚರಿತ್ರೆಯಲ್ಲಿ ಗೆಲಿಲಿಯೋ ಉಳಿದ, ತೊರಿಚೆಲ್ಲಿ ಉಳಿದ. ಬಾವಿಗೆ ಬಗ್ಗಿ ನೋಡಿ ಮೊದಲು ಮಾತಾಡಿದ ಕೆಲಸಗಾರನಿಗೆ ಆ ಪುಸ್ತಕದಲ್ಲಿ ಹೆಸರೇ ಇಲ್ಲ. ಆ ಪ್ರಸಂಗವನ್ನು ನಾನು ಎಂ.ಎ. ತರಗತಿಯಲ್ಲಿ ಓದಿದ್ದೆ, ಟಿಪ್ಪಣಿಯನ್ನೂ ಮಾಡಿಕೊಂಡಿದ್ದೆ. ಆದರೂ ಅತ್ತೆಯ ಹಿತ್ತಿಲಲ್ಲಿ ಎರಡು ದಿನ ನಿಂತು ನಾನು ನೋಡಿದ್ದು ವೈರುಗಳನ್ನೇ.

ಅದೇ ಕಾಲದ ವಿಜಯಪುರವನ್ನು ನೋಡಿದರೆ ಈ ಮರೆವು ಇನ್ನಷ್ಟು ಸ್ಪಷ್ಟವಾಗುತ್ತದೆ. 1565ರ ಗೆಲುವಿನ ನಂತರ ನಗರ ವೇಗವಾಗಿ ಬೆಳೆಯಿತು. ಅದಕ್ಕೆ ತಕ್ಕಂತೆ ನೀರು ಬೇಕಾಯಿತು. 1579ರಲ್ಲಿ ಚಾಂದ್ ಬಾವಡಿ, 1620ರಲ್ಲಿ ತಾಜ್ ಬಾವಡಿ ಕಟ್ಟಿದರು. ಪಶ್ಚಿಮದ ತೊರವಿಯಿಂದ, ಅಂದರೆ ತೊರವೆ ರಾಮಾಯಣದ ತೊರವೆಯಿಂದ, ನೆಲದೊಳಗಿನ ಸುರಂಗದಲ್ಲಿ ನೀರು ತಂದರು. ಮಹಮ್ಮದ್ ಆದಿಲ್ ಶಾ ಕಾಲದಲ್ಲಿ, 1651ರಲ್ಲಿ, ನಗರದ ದಕ್ಷಿಣಕ್ಕೆ ಬೇಗಂ ತಲಾಬ್ ಆಯಿತು. ಫ್ಲಾರೆನ್ಸಿನಲ್ಲಿ ಗಾಳಿಯ ಭಾರದ ಲೆಕ್ಕ ನಡೆಯುತ್ತಿದ್ದಾಗ ಇಲ್ಲಿ ಆಳುತ್ತಿದ್ದವನು ಇವನೇ, ಗೋಳಗುಮ್ಮಟದಲ್ಲಿ ಮಲಗಿರುವವನು.

ಬೇಗಂ ತಲಾಬಿನಿಂದ ನಗರಕ್ಕೆ ನೀರು ಬಂದದ್ದು ಮಣ್ಣಿನ ಕೊಳವೆಗಳಲ್ಲಿ. ದಾರಿಯುದ್ದಕ್ಕೂ ಅಲ್ಲಲ್ಲಿ ಗಂಜ್ ಎಂದು ಕರೆಯುವ ಚೌಕ ಗೋಪುರಗಳು. ಇಂದಿಗೂ ವಿಜಯಪುರದಲ್ಲಿ ಕೆಲವು ನಿಂತಿವೆ, ಬಹಳ ಮಂದಿ ಅವನ್ನು ಕಾವಲುಗೋಪುರ ಎಂದುಕೊಳ್ಳುತ್ತಾರೆ. ಕೊಳವೆಯ ನೀರು ಗೋಪುರದೊಳಗೆ ಏರಿ, ತುಸು ನಿಂತು, ಮತ್ತೆ ಇಳಿದು ಮುಂದೆ ಹೋಗುತ್ತಿತ್ತು. ಏರಿದಾಗ ಒತ್ತಡ ಸಡಿಲವಾಗಿ ಕೊಳವೆ ಒಡೆಯುವುದು ತಪ್ಪುತ್ತಿತ್ತು. ನಿಂತಾಗ ಕೆಸರು ತಳಕ್ಕಿಳಿದು ತಿಳಿನೀರು ಮುಂದೆ ಸಾಗುತ್ತಿತ್ತು. ಇನ್ನೊಂದು ಅನುಕೂಲವೂ ಇತ್ತೆಂದು ನನಗನ್ನಿಸುತ್ತದೆ. ಒಂದು ಗಂಜಿಗೆ ನೀರು ಬಂದು ಮುಂದಿನದಕ್ಕೆ ಬಾರದಿದ್ದರೆ ಕೊಳವೆ ಕಟ್ಟಿದ್ದು ಆ ಎರಡರ ನಡುವೆ ಎಂದು ತಿಳಿಯುತ್ತದೆ, ಇಡೀ ದಾರಿ ಅಗೆಯಬೇಕಾಗಿಲ್ಲ. ಆ ಕಾಲದ ಕೆಲಸಗಾರರು ನೀರು ನಿಲ್ಲುವ ಜಾಗಗಳನ್ನು ತಾವೇ ಕಟ್ಟಿ ಇಟ್ಟಿದ್ದರು. ನಾವು ಒಂದು ಪೆಟ್ಟಿಗೆಯೊಳಗಿನ ಅಂಥದೇ ನಿಲುಗಡೆಯನ್ನು ವೈರು ಕತ್ತರಿಸಿ ತೆಗೆದುಹಾಕಿ ನೆಮ್ಮದಿಯಾಗಿ ಮದುವೆಗೆ ಹೋದೆವು.

ತಾಜ್ ಬಾವಡಿಯ ಮೆಟ್ಟಿಲ ಮೇಲೆ ನಿಂತವನಿಗೆ ನೀರು ಎಷ್ಟಿದೆ ಎಂದು ಯಾರೂ ಹೇಳಬೇಕಾಗಿಲ್ಲ. ನಿನ್ನೆ ಕಂಡ ಮೆಟ್ಟಿಲು ಇವತ್ತು ಮುಳುಗಿತ್ತೋ, ಇನ್ನೊಂದು ಬಯಲಾಯಿತೋ, ಕಣ್ಣೇ ಲೆಕ್ಕ ಹಾಕುತ್ತದೆ. ಹೊಲದ ಬಾವಿಯ ಕಪಿಲೆಯೂ ಹಾಗೆಯೇ. ಎತ್ತು ಇಳಿಜಾರಿನಲ್ಲಿ ನಡೆದಂತೆ ತೊಗಲಿನ ಚೀಲ ಮೇಲೆ ಬರುತ್ತಿತ್ತು. ನೀರು ಕಡಿಮೆಯಾದರೆ ಚೀಲ ಅರ್ಧವೇ ತುಂಬಿ ಬರುತ್ತಿತ್ತು. ಹೊಡೆಯುವವನಿಗೂ ಎತ್ತಿಗೂ ಅದು ಅವತ್ತೇ ತಿಳಿಯುತ್ತಿತ್ತು. ಮನೆಯ ಬಾವಿಯಲ್ಲಿ ಈ ಲೆಕ್ಕ ಹೆಂಗಸರ ಕೈಯಲ್ಲಿತ್ತು. "ಶಿವರಾತ್ರಿಗೆ ಮೂರು ಮಾರು, ಯುಗಾದಿಗೆ ನಾಕು ಮಾರು ಹಗ್ಗ ಇಳೀತಿತ್ತು" ಎಂದು ಅತ್ತೆ ಈಗಲೂ ಹೇಳುತ್ತಾಳೆ. ಸೇದುವ ಹಗ್ಗವೇ ಅಳತೆಕೋಲು, ನೋಯುವ ರಟ್ಟೆಯೇ ದಾಖಲೆ. ಈ ತಿಳಿವಳಿಕೆಯನ್ನು ಹೊಗಳಿ ಆ ಕಾಲವನ್ನು ಚಂದ ಮಾಡಬೇಕಾಗಿಲ್ಲ. ಮನೆಯಂಗಳದಲ್ಲಿ ಬಾವಿ ಇದ್ದದ್ದು ಕೆಲವರಿಗೆ. ಯಾರ ಹಗ್ಗ ಯಾವ ಬಾವಿಗೆ ಇಳಿಯಬಹುದು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ದಿನಕ್ಕೆ ನಲವತ್ತು ಕೊಡ ಸೇದಿದ ಅತ್ತೆಗೆ ಆ ದಿನಗಳು ಬೇಕಿಲ್ಲ. ಬೇಕಾದದ್ದು ಆ ಒಂದು ತಿಳಿವಳಿಕೆ ಮಾತ್ರ.

ಪಂಪು ನಮ್ಮ ಸೀಮೆಗೆ ಬಂದ ಕಥೆಯಲ್ಲಿ ಬೆಳಗಾವಿ ಜಿಲ್ಲೆಗೂ ಪಾಲಿದೆ. 1869ರಲ್ಲಿ ಅಲ್ಲಿನ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಾರ್ಖಾನೆಯನ್ನು ಈಗಿನ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿಗೆ ಒಯ್ದರು. 1920ರ ದಶಕದಲ್ಲಿ ಅಲ್ಲಿ ಪಂಪುಗಳು ತಯಾರಾಗತೊಡಗಿದವು. ಮುಂದೆ ಹಳ್ಳಿಹಳ್ಳಿಗೆ ವಿದ್ಯುತ್ತು ಬಂದಂತೆ ಎತ್ತು, ಹಗ್ಗ, ರಟ್ಟೆ ಮೂರಕ್ಕೂ ಬಿಡುವು ಸಿಕ್ಕಿತು. ಅದು ಸಣ್ಣ ಬಿಡುಗಡೆಯಲ್ಲ. ಆದರೆ ಪಂಪಿಗೆ ಅರ್ಧ ಚೀಲ ಎಂಬ ಮಾತು ಬಾರದು. ಅದು ಕೊನೆಯ ಗಳಿಗೆಯವರೆಗೂ ಪೂರ್ತಿ ಕೊಡುತ್ತದೆ, ಆಮೇಲೆ ನಿಲ್ಲುತ್ತದೆ. ಬಾವಿಯ ಬಗ್ಗೆ ಅದು ಆಡುವ ಮಾತು ಅದೊಂದೇ, ಅದನ್ನೂ ನಾವು ಮೋಟಾರಿನ ಕೆಮ್ಮು ಎಂದುಕೊಳ್ಳುತ್ತೇವೆ.

ತಂಗಡಗಿಯಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿದೆ. 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರು ಕೃಷ್ಣೆಗುಂಟ ಈ ಕಡೆಗೆ ಬರುತ್ತದೆ. ಜಲಾಶಯದ ತುಂಬಿದ ಮಟ್ಟ ಸಮುದ್ರ ಮಟ್ಟದಿಂದ 492.25 ಮೀಟರ್. ಹೊಳೆ ತುಂಬಿದ ದಿನಗಳಲ್ಲಿ ಅತ್ತೆಯ ಬಾವಿಯಲ್ಲಿ 8-9 ಅಡಿಗೇ ನೀರು ಸಿಗುತ್ತದೆ. ಬೇಸಿಗೆಯಲ್ಲಿ ಜಲಾಶಯ ಇಳಿದಂತೆ ಬಾವಿಯೂ ಇಳಿಯುತ್ತದೆ. ಹಿತ್ತಿಲ ಬಾವಿಯ ಮಟ್ಟವನ್ನು ಮಳೆಯ ಜೊತೆಗೆ ಈಗ ಎಲ್ಲೋ ದೂರದ ಗೇಟುಗಳೂ ತೀರ್ಮಾನಿಸುತ್ತವೆ.

ಆಚೆ ದಂಡೆಯ ಕೂಡಲಸಂಗಮದಲ್ಲಿ ಇದೇ ಹಿನ್ನೀರಿಗೆ ಇನ್ನೊಂದು ಉತ್ತರ ಕಟ್ಟಿದ್ದಾರೆ. ಬಸವಣ್ಣನ ಐಕ್ಯಮಂಟಪ ಮುಳುಗದಿರಲೆಂದು ಅದರ ಸುತ್ತ ಬಾವಿಯಂಥ ದುಂಡು ಗೋಡೆ ಎಬ್ಬಿಸಿದ್ದಾರೆ. ಸುತ್ತ ಹೊಳೆ, ನಡುವೆ ಮೆಟ್ಟಿಲಿಳಿದು ಹೋಗುವ ಒಣ ಬಾವಿ, ತಳದಲ್ಲಿ ಮಂಟಪ. ನೀರನ್ನು ಒಳಗಿಟ್ಟುಕೊಳ್ಳುವ ಬಾವಿಗಳನ್ನೇ ನೋಡಿದವನಿಗೆ ನೀರನ್ನು ಹೊರಗಿಡುವ ಆ ಬಾವಿ ಮೊದಲ ಸಲ ವಿಚಿತ್ರ ಕಂಡಿತ್ತು. ಈಗ ಅನ್ನಿಸುತ್ತದೆ, ಅದನ್ನು ಕಟ್ಟಿದವರು ನೀರು ಎಲ್ಲಿಯವರೆಗೆ ಏರುತ್ತದೆಂದು ಮೊದಲು ಕೇಳಿದರು, ಆಮೇಲೆ ಗೋಡೆ ಎಬ್ಬಿಸಿದರು.

ಮಿಸ್ತ್ರಿಯ ಸಲಹೆಯೂ ಅದೇ ದಾರಿಯದು. ಗಾಳಿ ನೀರನ್ನು ಎಷ್ಟು ತಳ್ಳುತ್ತದೆ ಎಂಬ ಲೆಕ್ಕ ಶುರುವಾಗುವುದು ಪಂಪು ಕೂತ ಜಾಗದಿಂದ. ಪಂಪನ್ನೇ ಕೆಳಗಿಳಿಸಿದರೆ ಮುಗಿಯಿತು; ಅಲ್ಲಿಂದ ಮೇಲಕ್ಕೆ ತಳ್ಳುವ ತ್ರಾಣ ಅದಕ್ಕಿದೆ. ಬಾವಿಯೊಳಗೆ 12 ಅಡಿ ಕೆಳಗೆ ಕಬ್ಬಿಣದ ಪಟ್ಟಿ ಹೂಡಿ ಅದರ ಮೇಲೆ ಮೋಟಾರು ಇಡಬಹುದು. ಆದರೆ ಮಳೆಗಾಲದಲ್ಲಿ ನೀರು 9 ಅಡಿಗೆ ಬಂದರೆ ಮೋಟಾರು ಮುಳುಗುತ್ತದೆ. "ಶಿವರಾತ್ರಿಗೆ ಇಳಸ್ರಿ, ಕಾರಹುಣ್ಣಿವಿಗೆ ಎಬ್ಬಸ್ರಿ" ಎಂದರು. ಅಲ್ಲಿಯತನಕ ವಾಲ್ವನ್ನು ಅರ್ಧ ತಿರುವಿ ನೀರು ಸಣ್ಣಗೆ ಹರಿಯುವಂತೆ ಮಾಡಿ, ಹೊತ್ತಿಗೆ ಹತ್ತೇ ನಿಮಿಷದಂತೆ ಬೆಳಿಗ್ಗೆ ಸಂಜೆ ಎರಡು ಸಲ ಹಚ್ಚಿರೆಂದರು.

ಅತ್ತೆಯ ಹಿರಿಮಗನಿಗೆ ಇದು ಒಪ್ಪಿಗೆಯಾಗಲಿಲ್ಲ. ವರ್ಷಕ್ಕೆ ಎರಡು ಸಲ ಮೋಟಾರು ಇಳಿಸಿ ಏರಿಸುವುದು ಯಾರ ಕೈಲಾದೀತು? ನೀರಿನಲ್ಲೇ ಮುಳುಗಿ ಕೂರುವ ಮೋಟಾರು ತಂದರೆ ಈ ಹೀರುವ ರಗಳೆಯೇ ಇಲ್ಲ. ಇಲ್ಲವೆ ಬಾವಿ ಮುಚ್ಚಿ ಪಕ್ಕದಲ್ಲೇ ಬೋರು ಹಾಕಿಸೋಣ ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಮುಳುಗುವ ಮೋಟಾರು ಗಾಳಿಯನ್ನು ನಂಬುವುದಿಲ್ಲ, ತಳದಿಂದಲೇ ನೀರನ್ನು ತಳ್ಳುತ್ತದೆ. ಅದಕ್ಕೆ ಗೆಲಿಲಿಯೋನ ಗೆರೆ ತಟ್ಟುವುದಿಲ್ಲ. ಆದರೆ ಬಾವಿಗೆ ದಿನಕ್ಕೆ ಎಷ್ಟು ಊಟೆ ಬರುತ್ತದೋ ಅಷ್ಟೇ ಬರುತ್ತದೆ. ಅದು ಹೂಳಿನವರೆಗೂ ಎಳೆದು ಅಲ್ಲಿ ನಿಲ್ಲುತ್ತದೆ. ಬೋರಿನ ಒಳಗಂತೂ ಬಗ್ಗಿ ನೋಡಲು ಕಣ್ಣಿಗೂ ಜಾಗವಿಲ್ಲ. ಯಂತ್ರ ಯಾವುದೇ ಇರಲಿ, ನೀರೆಷ್ಟಿದೆ ಎಂದು ಕೇಳುವವರು ಮನೆಯಲ್ಲೊಬ್ಬರು ಇರಲೇಬೇಕು. ಮಾತು ಸ್ವಲ್ಪ ಜೋರಾಯಿತು. ಕೊನೆಗೆ ಅತ್ತೆ, "ಈ ವರ್ಷ ಹೂಳು ತಗಸೂಣು. ಬಾವಿ ಮುಚ್ಚೂದು ಮುಂದಿನ ವರ್ಷ ನೋಡೂಣು" ಎಂದು ಎದ್ದಳು. ಮುಂದಿನ ವರ್ಷ ಏನಾಗುತ್ತದೋ ನನಗೆ ಗೊತ್ತಿಲ್ಲ.

ನಾನು ಹೊರಡುವ ದಿನ ಅವಳು ಮಿಸ್ತ್ರಿ ಬಿಟ್ಟುಹೋದ ಹುರಿಯನ್ನು ಗಡಗಡಿಯ ಕಂಬಕ್ಕೆ ಕಟ್ಟಿದಳು. 18 ಅಡಿಗೊಂದು, 22 ಅಡಿಗೊಂದು, 26 ಅಡಿಗೊಂದು ಗಂಟು. ಮೂರನೆಯದು ಕೆಂಪು ಬಟ್ಟೆಯ ಚೂರು ಸೇರಿಸಿ ಹಾಕಿದ ಗಂಟು. ನನ್ನ ಅಧ್ಯಾಯದಲ್ಲಿ ಗಂಜುಗಳ ಬಗ್ಗೆ ಹನ್ನೆರಡು ಪುಟಗಳಿವೆ. ಅವುಗಳನ್ನು ದಿನವೂ ನೋಡಿಕೊಳ್ಳುತ್ತಿದ್ದವರ ಬಗ್ಗೆ ಒಂದು ಸಾಲೂ ಇಲ್ಲವೆಂಬುದು ಬಸ್ಸಿನಲ್ಲಿ ಹೊಳೆಯಿತು. ಅದನ್ನು ತಿದ್ದುವ ಕೆಲಸ ಇನ್ನೂ ನಡೆದಿದೆ.

ಈಗ ಅತ್ತೆಯ ಫೋನು ಬಂದರೆ ಮೋಟಾರಿನ ಸುದ್ದಿ ಕೊನೆಗೆ ಬರುತ್ತದೆ, ಅದೂ ನೆನಪಾದರೆ. ಮೊದಲ ಮಾತು ಹೀಗಿರುತ್ತದೆ: "ತಮ್ಮಾ, ನೀರ ಎರಡನೇ ಗಂಟಿಗಿ ಬಂದೈತಿ."